ಅಜ್ಜನಿಗೆ ‘ನೀನು’ ಅನ್ನುವ ಮೊಮ್ಮಕ್ಕಳು

ಊರಿಂದ ಅಜ್ಜ-ಅಜ್ಜಿ ಬಂದು ವಾರ ಕಳೆಯುವಷ್ಟರಲ್ಲಿ ಇಂಗ್ಲಿಷ್ ನಾಡುಗಳ ಎಷ್ಟೋ ಕನ್ನಡ ಮನೆಗಳಲ್ಲಿ ಎರಡು ದೂರು ಏಳುತ್ತವೆ. ‘ಮಕ್ಕಳಿಗೆ ಮರ್ಯಾದೆ ಕಲಿಸಿಲ್ಲ’ ಅನ್ನುವುದು ಹಿರಿಯರದು, ‘ಅಜ್ಜ ಬರೀ ಆರ್ಡರ್ ಮಾಡ್ತಾರೆ’ ಅನ್ನುವುದು ಮಕ್ಕಳದು. ಇದನ್ನು ಸಂಸ್ಕಾರದ ಜಗಳ ಮಾಡುವ ಮೊದಲು ದಯವಿಟ್ಟು ಭಾಷೆಯನ್ನು ಗಮನಿಸಿ.

ಇಲ್ಲಿ ಬೆಳೆಯುವ ಮಗುವಿನ ಕಿವಿಗೆ ಬೀಳುವ ಕನ್ನಡ ಬಹುಪಾಲು ತನಗೇ ಹೇಳಿದ್ದು: ಬಾ, ಕೂತ್ಕೋ, ತಗೋ. ‘ಬನ್ನಿ, ಕೂತ್ಕೊಳ್ಳಿ’ ಕೇಳುವುದೇ ಅಪರೂಪ. ಹಾಗಾಗಿ ಅಜ್ಜನಿಗೂ ‘ನೀನು ಬಾ’. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’ ಇರುವುದರಿಂದ ತಪ್ಪಿದೆ ಅಂತ ಅದಕ್ಕೆ ಹೊಳೆಯುವುದೂ ಇಲ್ಲ. ಇನ್ನೊಂದು ಕಡೆ, ಪ್ಲೀಸ್, ಥ್ಯಾಂಕ್ಯೂ ಅನ್ನುವುದು ಅದಕ್ಕೆ ಶಾಲೆಯಲ್ಲಿ ರೂಢಿಯಾಗಿರುತ್ತದೆ. ಕನ್ನಡದಲ್ಲಿ ‘ದಯವಿಟ್ಟು’, ‘ಧನ್ಯವಾದ’ ಇದ್ದರೂ ಮನೆಯೊಳಗಿನ ಮಾತಿನಲ್ಲಿ ಆ ನಯಕ್ಕೆ ಬೇರೆ ಪದ ಬಳಸುವುದು ಕಡಿಮೆ. ಅದು ಕ್ರಿಯಾಪದದ ಕೊನೆಯಲ್ಲಿದೆ, ದನಿಯಲ್ಲಿದೆ. ಅಜ್ಜ ಅಕ್ಕರೆಯಿಂದಲೇ ‘ನೀರು ತಾ’ ಅಂದರೂ ಮಗುವಿಗೆ ಅದು ಅಪ್ಪಣೆ. ಇಬ್ಬರಿಗೂ ನೋವು, ಇಬ್ಬರದೂ ತಪ್ಪಲ್ಲ.

ಅವರು ಬರುವ ಎರಡು ಮೂರು ತಿಂಗಳ ಮುಂಚೆಯೇ ಶುರುಮಾಡಿ. ಊರಿಗೆ ಫೋನ್ ಮಾಡುವಾಗ ಸ್ಪೀಕರ್ ಹಾಕಿ, ‘ಊಟ ಆಯ್ತಾ? ಮಾತ್ರೆ ತಗೊಂಡ್ರಾ?’ ಅನ್ನುವುದು ಮಗುವಿಗೂ ಕೇಳಿಸಲಿ. ಹತ್ತು ಹನ್ನೆರಡು ಕ್ರಿಯಾಪದ ಸಾಕು. ಕೊಡು-ಕೊಡಿ, ಹೋಗು-ಹೋಗಿ, ನೋಡು-ನೋಡಿ ಸಲೀಸು. ಬಾ-ಬನ್ನಿ, ತಾ-ತನ್ನಿ, ತಗೋ-ತಗೊಳ್ಳಿ ಎಡವುವ ಜಾಗ, ಅವನ್ನು ಬೇರೆಯಾಗಿ ಆಡಿಸಿ. ‘ಅಜ್ಜ ಬಂದ’ ಹೋಗಿ ‘ಅಜ್ಜ ಬಂದ್ರು’ ಆಗಲು ಇನ್ನೂ ಸಮಯ ಹಿಡಿಯುತ್ತದೆ, ಕಾಯಿರಿ.

ಕೆಡುವುದು ಎಲ್ಲರೆದುರು ತಿದ್ದಿದಾಗ. ‘ನೀನು ಅಲ್ಲ, ನೀವು ಅನ್ನು’ ಅಂತ ನಾಲ್ಕು ಸಲ ತಡೆದರೆ ಮಗು ತಪ್ಪಾಗದ ಇಂಗ್ಲಿಷಿಗೆ ಜಾರುತ್ತದೆ, ಆಮೇಲೆ ಮರಳಿ ತರುವುದು ಬಹಳ ಕಷ್ಟ. ‘ಅಜ್ಜ, ಬಾ’ ಅಂದಾಗ ನೀವೇ ‘ಹೌದು ಅಪ್ಪ, ಬನ್ನಿ’ ಅಂದುಬಿಡಿ, ಅಷ್ಟೇ.

ಹಿರಿಯರಿಗೂ ಒಂದು ಮಾತು ಮೊದಲೇ ಹೇಳಿಡಿ. ‘ತಾ’ ಬದಲು ‘ತಂದ್ಕೊಡ್ತೀಯಾ?’ ಅಂದರೆ ಮೊಮ್ಮಗು ಓಡಿಬರುತ್ತದೆ. ಮನೆಯವರಿಗೆ ಥ್ಯಾಂಕ್ಸ್ ಹೇಳುವುದು ಅವರಿಗೆ ಪರಕೀಯ ಅನ್ನಿಸಿದರೆ ಒತ್ತಾಯ ಬೇಡ. ‘ಜಾಣ ಕಣೋ’ ಅಂದದ್ದೇ ಅಜ್ಜನ ಥ್ಯಾಂಕ್ಯೂ ಅಂತ ಮಗುವಿಗೆ ತಿಳಿಸಿ.

ಅಂದಹಾಗೆ, ಎಷ್ಟೋ ಮನೆಗಳಲ್ಲಿ ಅಜ್ಜಿಗೆ ‘ನೀನು’ ಅನ್ನುವುದೇ ಸಲಿಗೆ. ನಿಮ್ಮ ಅಮ್ಮನಿಗೆ ಯಾವುದು ಹಿತ ಅಂತ ಮೊದಲು ಅವರನ್ನೇ ಕೇಳಿ.