ಅಪ್ಪ ಅಡವಿಟ್ಟ ಮನೆ, ಹದಿಮೂರು ವರ್ಷದ ಹಳೇ ಬಡ್ಡಿ: ಆಯಿ (ಅಮ್ಮ) ಸಹಿ ಹಾಕಬೇಕಾ?

ಶಿರಸಿಯ ಮಗಳು (2025 ಆಗಸ್ಟ್):
ಅಪ್ಪ 2004ರಲ್ಲಿ ಶಿರಸಿಯ ಮನೆ ಅಡವಿಟ್ಟು ಒಂದು ಬ್ಯಾಂಕಿನಲ್ಲಿ 3 ಲಕ್ಷ ಸಾಲ ತೆಗೆದಿದ್ದರು. ವಾಯಿದೆ ಮುಗಿದದ್ದು 2012ರ ಮಾರ್ಚ್ 31ಕ್ಕೆ. ಆ ತಿಂಗಳೇ ಅಡಿಕೆ ಮಾರಿ ಅಸಲು ಪೂರ್ತಿ ಕಟ್ಟಿದರು. ಬಡ್ಡಿ 48,000 ಉಳಿಯಿತು. ಬ್ಯಾಂಕಿನವರು ಮನ್ನಾ ಮಾಡಿಸಿಕೊಡ್ತೇವೆ ಅಂದಿದ್ದರಂತೆ, ಬರೆದು ಕೊಟ್ಟಿಲ್ಲ. ಅಪ್ಪ ಈಗ ಇಲ್ಲ. ಮೊನ್ನೆ ಜೋರು ಮಳೆಯಲ್ಲಿ ಬ್ಯಾಂಕಿನವರು ಬಂದು, ಆಯಿ ಒಬ್ಬಳೇ ಇದ್ದಾಗ, "ಬಾಕಿ ಇದೆ ಅಂತ ಸುಮ್ನೆ ಒಂದು ಸಹಿ ಹಾಕಿ" ಅಂದಿದ್ದಾರೆ. ಅವಳು ಹಾಕಿಲ್ಲ. ದಾವೆ ಹಾಕಲು ಇರುವ 12 ವರ್ಷ ಕಳೆದೇ ಹೋಯ್ತಲ್ಲ, ಇನ್ನು ಕೇಳಲು ಬರುತ್ತಾ?

ಕುಮಟಾದವ:
ಬಡ್ಡಿಗೆ 6 ವರ್ಷ ಅಷ್ಟೇ ಅಂತ ಎಲ್ಲೋ ಓದಿದ ನೆನಪು. ಹೆದರಬೇಡಿ.

ಕಾರವಾರದ ನಿವೃತ್ತ:
ಕುಮಟಾದವರೇ, ಅದು ಇಂಗ್ಲೆಂಡಿನ 1980ರ ಕಾಯ್ದೆ. ಅಲ್ಲಿ ಅಡಮಾನ ಸಾಲದ ಅಸಲಿಗೆ 12, ಬಡ್ಡಿಗೆ 6. ನಮ್ಮದು 1963ರ ಲಿಮಿಟೇಶನ್ ಆಕ್ಟ್, ಅಂದರೆ ಎಷ್ಟು ವರ್ಷದೊಳಗೆ ದಾವೆ ಹಾಕಬೇಕು ಅಂತ ಹೇಳುವ ಕಾಯ್ದೆ. ಆಸ್ತಿಯ ಮೇಲಿರುವ ಹಣಕ್ಕೆ ಅದರ ಪಟ್ಟಿಯ 62ನೇ ವಿಧಿ, 12 ವರ್ಷ. ಬಡ್ಡಿಯೂ ಆಸ್ತಿಯ ಮೇಲೇ ಕೂತಿರುತ್ತದೆ, ಹಾಗಾಗಿ ಅದಕ್ಕೂ 12. ಆಸ್ತಿ ಬಿಟ್ಟು ಸಾಲಗಾರನನ್ನೇ ಹಿಡಿಯಬೇಕೆಂದರೆ ಮಾತ್ರ 3 ವರ್ಷ.

ಆದರೆ ತಂಗಿ, ನಿಮ್ಮ 12 ವರ್ಷ ಇನ್ನೂ ಮುಗಿದಿಲ್ಲ. ಕೊರೊನಾ ಕಾಲದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಹತ್ತಿರಹತ್ತಿರ ಎರಡು ವರ್ಷ. 2024ರ ಮಾರ್ಚ್‌ಗೆ ಮುಗಿಯಬೇಕಿದ್ದದ್ದು 2026ರ ಮಾರ್ಚ್ ಮಧ್ಯದವರೆಗೆ ಹೋಗುತ್ತದೆ.

ಅದಕ್ಕೇ ಈಗ ಸಹಿ ಕೇಳುತ್ತಿರುವುದು. ನಾನು ಬ್ಯಾಂಕಿನಲ್ಲಿದ್ದಾಗ ಹೊನ್ನಾವರ, ಅಂಕೋಲಾದ ಮನೆಗಳಿಗೆ ಬೈಕಿನಲ್ಲಿ ಹೋಗಿ ಇಂಥ ಸಹಿ ತಂದವನು. ಚಹಾ ಕೊಟ್ಟು, ಕನ್ನಡಕ ಹುಡುಕಿ, ಓದದೆ ಸಹಿ ಹಾಕಿಕೊಡುತ್ತಿದ್ದರು. ಅವಧಿಯೊಳಗೆ ಬಾಕಿ ಒಪ್ಪಿ ಬರೆದುಕೊಟ್ಟರೆ 18ನೇ ಕಲಂ ಪ್ರಕಾರ ಆ ದಿನದಿಂದ ಹೊಸದಾಗಿ 12 ವರ್ಷ. ಸಾವಿರ ರೂಪಾಯಿ ಕಟ್ಟಿ ಚಲನ್‌ಗೆ ಸಹಿ ಹಾಕಿದರೂ ಅದೇ ಕತೆ, ಅದು 19ನೇ ಕಲಂ. ಈ ಮಾತನ್ನು ಅವರಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ಶಿರಸಿಯ ಮಗಳು:
ಸಹಿ ಹಾಕದಿದ್ದರೆ ಮನೆಗೆ ಬೀಗ ಹಾಕ್ತಾರೆ ಅಂತ ಆಯಿಗೆ ನಿದ್ದೆ ಇಲ್ಲ.

ಕಾರವಾರದ ನಿವೃತ್ತ:
ಹಾಗೆ ಬೀಗ ಹಾಕಲು ಬರುವುದಿಲ್ಲ ಅಂತ ಇವತ್ತೇ ಹೇಳಿ. ಕೋರ್ಟಿಗೆ ಹೋಗದೆ ಆಸ್ತಿ ಹಿಡಿಯುವ 2002ರ ಸರ್ಫೇಸಿ ಕಾಯ್ದೆ, ಬಾಕಿ ಹಣ ಸಾಲದ ಅಸಲು ಬಡ್ಡಿ ಸೇರಿದ ಮೊತ್ತದ ಶೇ. 20ಕ್ಕಿಂತ ಕಡಿಮೆ ಇದ್ದರೆ ನಡೆಯುವುದಿಲ್ಲ. ನಿಮ್ಮದು 3 ಲಕ್ಷಕ್ಕೆ 48,000. ಅವರು ದಾವೆಯನ್ನೇ ಹಾಕಬೇಕು. ಆಯಿ ಸಾಲಕ್ಕಾಗಲಿ ಜಾಮೀನಿಗಾಗಲಿ ಸಹಿ ಹಾಕಿರದಿದ್ದರೆ ಅವರ ಸ್ವಂತ ದುಡ್ಡಿಗೆ ಕೈ ಹಾಕಲೂ ಬರುವುದಿಲ್ಲ. ಅಪ್ಪ ಬಿಟ್ಟುಹೋದ ಆಸ್ತಿಯಷ್ಟಕ್ಕೆ ಮಾತ್ರ ಹೊಣೆ.

ಮೊದಲು ಸಾಲದ ಖಾತೆಯ ಪೂರ್ತಿ ಲೆಕ್ಕ ಬರೆಸಿಕೊಳ್ಳಿ. ಕೇಳುವ ಅರ್ಜಿಯಲ್ಲಿ "ನಮ್ಮ ಬಾಕಿ" ಅನ್ನಬೇಡಿ, "ನೀವು ಹೇಳುವ ಬಾಕಿ" ಅನ್ನಿ. 2012ರ ನಂತರ ಅಪ್ಪ ಏನಾದರೂ ಕಟ್ಟಿದ್ದರಾ, ಸಹಿ ಹಾಕಿದ್ದರಾ, ಅದೂ ಮುಖ್ಯ. ಇದ್ದರೆ ನಾನು ಹೇಳಿದ ತಾರೀಕೇ ಬದಲಾಗುತ್ತದೆ. ಆ ಕಾಗದ ಹಿಡಿದು ಶಿರಸಿಯಲ್ಲೇ ಒಬ್ಬ ವಕೀಲರನ್ನು ಕಾಣಿ.

ಹೊನ್ನಾವರದ ಅಕ್ಕ:
ಒಂದು ಮಾತು. ಅವಧಿ ಮುಗಿದರೂ ಅಡವಿಟ್ಟ ಮನೆಯ ಪತ್ರ ಬ್ಯಾಂಕಿನಿಂದ ತಾನಾಗಿ ಕೈಗೆ ಬರುವುದಿಲ್ಲ. ದಾವೆ ಹಾಕುವ ದಾರಿ ಮುಚ್ಚುತ್ತದೆ, ಸಾಲ ಅಳಿಯುವುದಿಲ್ಲ. ನಾವು ಮಾತಾಡಿ, ಬಡ್ಡಿ ಕಡಿಮೆ ಮಾಡಿಸಿ, ಒಂದೇ ಸಲ ತೀರಿಸಿದೆವು. ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ.

ಶಿರಸಿಯ ಮಗಳು:
ಅಪ್ಪನ ಟ್ರಂಕಿನಲ್ಲಿ ಚಲನ್‌ಗಳ ಕಟ್ಟು ಸಿಕ್ಕಿತು. ಕೊನೆಯದು 2012ರ ಮಾರ್ಚ್ 27. ಸೋಮವಾರ ಅಣ್ಣನ ಜೊತೆ ಲೆಕ್ಕ ಕೇಳಲು ಹೋಗುತ್ತೇನೆ. ಆಯಿಗೆ ಎಲ್ಲ ಓದಿ ಹೇಳಿದೆ.