ಭೇದಿಯಾದ ಮಗುವಿಗೆ ಸಕ್ಕರೆ ಬೆರೆತ ನೀರು ಏಕೆ?

ಪ್ರಶ್ನೆ (ರಾಜಾಜಿನಗರದ ತಾಯಿ):
ಹೋದ ವಾರ ನನ್ನ ಐದು ವರ್ಷದ ಮಗನಿಗೆ ವಾಂತಿಭೇದಿಯಾಗಿ ಬಾಯಿ ಒಣಗಿದಾಗ, ಡ್ರಿಪ್ ಹಾಕಿಸಲೇಬೇಕಾಗುತ್ತದೆ ಎಂದು ಹೆದರಿದ್ದೆ. ವೈದ್ಯರು ಓಆರ್‌ಎಸ್ ಪುಡಿಯನ್ನು (ಗ್ಲೂಕೋಸ್ ಎಂಬ ಸಕ್ಕರೆ ಮತ್ತು ಉಪ್ಪಿನ ಮಿಶ್ರಣ) ನೀರಿನಲ್ಲಿ ಕರಗಿಸಿ ಚಮಚ ಚಮಚವಾಗಿ ಕುಡಿಸಲು ಹೇಳಿದರು. ಸಂಜೆಯ ಹೊತ್ತಿಗೆ ಮಗು ಚೇತರಿಸಿಕೊಂಡಿತು. ಬರೀ ನೀರಿನಿಂದ ಆಗದ್ದು ಇದರಿಂದ ಹೇಗಾಯಿತು? ಭೇದಿಗೆ ಸಿಹಿ ಕೂಡದೆಂದು ನಮ್ಮತ್ತೆಯವರು ಹೇಳುತ್ತಾರೆ.

ಉತ್ತರ (ಜೀವರಸಾಯನಶಾಸ್ತ್ರದ ಅಧ್ಯಾಪಕ, ಜಯನಗರ):
ಸಣ್ಣಕರುಳಿನ ಒಳಪದರದ ಜೀವಕೋಶಗಳಲ್ಲಿರುವ ಒಂದು ಪ್ರೋಟೀನು, ಗ್ಲೂಕೋಸಿನ ಒಂದು ಅಣುವಿನ ಜೊತೆಗೆ ಉಪ್ಪಿನಲ್ಲಿರುವ ಸೋಡಿಯಂನ ಎರಡು ಅಯಾನುಗಳನ್ನೂ (ವಿದ್ಯುದಾವೇಶವಿರುವ ಕಣಗಳನ್ನೂ) ಒಳಕ್ಕೆ ಸೆಳೆದುಕೊಳ್ಳುತ್ತದೆ. ಅವುಗಳನ್ನು ಹಿಂಬಾಲಿಸಿ ನೀರೂ ರಕ್ತ ಸೇರುತ್ತದೆ. ಈ ಜೋಡಿ ಸಾಗಣೆಯ ವಿಚಾರವನ್ನು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದರು. ಅದಕ್ಕೆ ಒಂದು ವರ್ಷ ಮೊದಲು ಕಲ್ಕತ್ತೆಯಲ್ಲಿ ಶಂಭುನಾಥ್ ಡೇ ಅವರು ತೋರಿಸಿಕೊಟ್ಟ ಕಾಲರಾ ವಿಷವು ಲವಣವನ್ನೂ ನೀರನ್ನೂ ಕರುಳಿನೊಳಕ್ಕೆ ಸುರಿಸುತ್ತದೆಯೇ ಹೊರತು ಈ ಜೋಡಿ ಸಾಗಣೆಯ ಬಾಗಿಲನ್ನು ಮುಚ್ಚುವುದಿಲ್ಲ. ಇಡೀ ಚಿಕಿತ್ಸೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಪಾಠ ಹೇಳುವಾಗಲೆಲ್ಲ ನನಗೆ ಇದು ಹೊಸದಾಗಿಯೇ ಕಾಣುತ್ತದೆ.

ನಿಮ್ಮತ್ತೆಯವರ ಮಾತಿನಲ್ಲೂ ಹುರುಳಿದೆ. ಸಕ್ಕರೆ ಹೆಚ್ಚಾದರೆ ಅದು ಕರುಳಿನಲ್ಲೇ ಉಳಿದು ನೀರನ್ನು ತನ್ನತ್ತ ಎಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 20 ಗ್ರಾಂ ಇದ್ದ ಗ್ಲೂಕೋಸನ್ನು 2002ರಲ್ಲಿ 13.5 ಗ್ರಾಂಗೆ ಇಳಿಸಿ, ಉಪ್ಪನ್ನೂ ಕಡಿಮೆ ಮಾಡಿದರು.

ಉತ್ತರ (ನಿವೃತ್ತ ಶುಶ್ರೂಷಕಿ, ಮಲ್ಲೇಶ್ವರ):
1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೆ ಬಂದಾಗ, ಡಾ. ದಿಲೀಪ್ ಮಹಲನೊಬಿಸ್ ಅವರು ಈ ದ್ರಾವಣವನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು, ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು.

ನನ್ನ ಕಳಕಳಿ ಅಳತೆಯ ಬಗ್ಗೆ. ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಕುಡಿಸಿದ ತಾಯಂದಿರನ್ನು ವಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅಷ್ಟು ಗಟ್ಟಿಯಾದ ದ್ರಾವಣ ಮಗುವಿಗೆ ಅಪಾಯಕಾರಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಿಹಿ ಪೇಯದ ಡಬ್ಬಿಗಳೂ ಇದಕ್ಕೆ ಬದಲಿಯಲ್ಲ. ಪೊಟ್ಟಣದ ಮೇಲೆ ಬರೆದಷ್ಟೇ ಕಾಯಿಸಿ ಆರಿಸಿದ ನೀರನ್ನು ಅಳೆದು ಬೆರೆಸಿ, 24 ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿಬಿಡಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಉಪ್ಪು ಹಾಕಿದ ಗಂಜಿಯ ತಿಳಿ?

ಉತ್ತರ (ಅಧ್ಯಾಪಕ):
ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸಾಗಿ ಒಡೆಯುವುದರಿಂದ ಅದೂ ಇದೇ ಬಾಗಿಲಿನಿಂದ ಒಳಹೋಗುತ್ತದೆ. ಪೊಟ್ಟಣ ಕೈಗೆ ಸಿಗುವವರೆಗೆ ಧಾರಾಳವಾಗಿ ಕೊಡಿ.