ಟೈಪ್ 1 ಮಗು, ಎಂಟು ತಿಂಗಳಲ್ಲಿ 10 ಕೆಜಿ ಜಾಸ್ತಿ: ವಂಶದ ಮೈಕಟ್ಟೋ, ಇನ್ಸುಲಿನ್ನೋ?

ಪ್ರಶ್ನೆ (ಮದ್ದೂರು): 10 ವರ್ಷದ ಹುಡುಗಿ. ಎಂಟು ತಿಂಗಳ ಹಿಂದೆ ಟೈಪ್ 1 ಶುಗರ್ (ಮೈಯಲ್ಲಿ ಇನ್ಸುಲಿನ್ ತಯಾರಾಗದ್ದು) ಗೊತ್ತಾದಾಗ 24 ಕೆಜಿ, ಈಗ 34. ಇನ್ನೂ ದೊಡ್ಡವಳಾಗಿಲ್ಲ. ದಿನಕ್ಕೆ ಒಟ್ಟು 40 ಯೂನಿಟ್ ಇನ್ಸುಲಿನ್. ವಾರಕ್ಕೆ ನಾಲ್ಕೈದು ಸಲ ಶುಗರ್ ಲೋ ಆಗುತ್ತೆ (ತೀರಾ ಇಳಿಯುತ್ತೆ), ಆಗೆಲ್ಲ ಒಂದು ಲೋಟ ಕಬ್ಬಿನ ಹಾಲು. ತಾಯಿ, ಅಜ್ಜಿ ಇಬ್ಬರೂ ದಪ್ಪ. ಜೀನ್ ಟೆಸ್ಟ್ ಮಾಡಿಸಬೇಕಾ?

ಉತ್ತರ 1: ತೂಕದ ಜೀನ್ ಅಂದ್ರೆ ಮೊದಲು ಕೇಳಿಬರೋದು ಎಫ್‌ಟಿಒ, 2007ರಲ್ಲಿ ಪತ್ತೆಯಾದದ್ದು. ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ರೂ ದೊಡ್ಡವರಲ್ಲಿ ವ್ಯತ್ಯಾಸ ಸುಮಾರು 3 ಕೆಜಿ, ಅದೂ ಹಸಿವಿನ ದಾರಿಯಲ್ಲಿ, ನಿಧಾನವಾಗಿ. ಎಂಟು ತಿಂಗಳಿಗೆ 10 ಕೆಜಿ ಅದರ ಕೆಲಸ ಅಲ್ಲ. ಮೊದಲ ಕೆಲವು ಕೆಜಿ ಮೂತ್ರದಲ್ಲಿ ಸಕ್ಕರೆ ಹೋಗಿ ಕರಗಿದ್ದ ಮೈ ವಾಪಸ್ ಬಂದದ್ದು, ಅದು ಒಳ್ಳೇದೇ. ಉಳಿದದ್ದನ್ನ ಲೋಟದಲ್ಲಿ ಹುಡುಕಿ. ಈ ತೂಕಕ್ಕೆ ಲೋ ಆದಾಗ ಬೇಕಿರೋದು ಕೆಜಿಗೆ 0.3 ಗ್ರಾಂನಂತೆ 10 ಗ್ರಾಂ, ಅಂದ್ರೆ ಮಟ್ಟ ಮಾಡಿದ ಎರಡು ಟೀ ಚಮಚ ಸಕ್ಕರೆ, ನೀರಲ್ಲಿ ಕದಡಿ. 15 ನಿಮಿಷ ಬಿಟ್ಟು ನೋಡಿ, 70ರ ಕೆಳಗಿದ್ರೆ ಮತ್ತೆ ಅಷ್ಟೇ. 200 ಎಂಎಲ್ ಕಬ್ಬಿನ ಹಾಲಲ್ಲಿ 25 ಗ್ರಾಂಗೆ ಕಡಿಮೆ ಸಕ್ಕರೆ ಇರಲ್ಲ. ಆಮೇಲೆ ಶುಗರ್ ಏರುತ್ತೆ, ಡೋಸ್ ಏರಿಸ್ತೀರಿ, ಮತ್ತೆ ಲೋ.

ಮುದ್ದೆಗೂ ಹಿಟ್ಟು ತೂಗಿ ಹಾಕಿ. 75 ಗ್ರಾಂ ರಾಗಿ ಹಿಟ್ಟಲ್ಲಿ ಹತ್ತಿರ ಹತ್ತಿರ 50 ಗ್ರಾಂ ಕಾರ್ಬ್ (ಶುಗರ್ ಏರಿಸೋ ಪಿಷ್ಟ, ಸಕ್ಕರೆ). ಕೈಯಂದಾಜಿನ ಮುದ್ದೆ ಬೆಳಿಗ್ಗೆ ಒಂದು ಗಾತ್ರ, ರಾತ್ರಿ ಇನ್ನೊಂದು.

ಉತ್ತರ 2: 40 ಭಾಗಿಸು 34, ಕೆಜಿಗೆ 1.2 ಯೂನಿಟ್ ಹತ್ತಿರ. ಮೈ ನೆರೆಯೋ ಮುಂಚೆ ಸಾಮಾನ್ಯವಾಗಿ 0.7ರಿಂದ 1 ಸಾಕು. ಸೂಜಿ ಹಾಕೋ ಜಾಗದಲ್ಲಿ ಗಂಟಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿದ್ದೀರಾ? ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಕೂಡ ಮಾಡಿಸಿ, ಟೈಪ್ 1 ಮಕ್ಕಳಲ್ಲಿ ಥೈರಾಯ್ಡ್ ತೊಂದರೆ ಜೊತೆಗೇ ಬರೋದುಂಟು. ಎತ್ತರ ಅಳೆದು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಚಾರ್ಟಲ್ಲಿ ಗುರುತು ಹಾಕಿ, ಬರೀ ಕೆಜಿ ನೋಡಿ ಏನೂ ಹೇಳಕ್ಕಾಗಲ್ಲ.

ಉತ್ತರ 3: ಜೀನ್ ಟೆಸ್ಟ್‌ಗೆ ಅರ್ಥ ಇರೋದು ಮೋಡಿ (MODY, ಒಂದೇ ಜೀನ್‌ನ ದೋಷದಿಂದ ವಂಶದಲ್ಲಿ ಬರೋ ಶುಗರ್) ಅನುಮಾನ ಬಂದಾಗ: ಟೈಪ್ 1ರಲ್ಲಿ ಕಾಣೋ ಆಂಟಿಬಾಡಿ ನೆಗೆಟಿವ್, ಸಿ-ಪೆಪ್ಟೈಡ್ (ಮೈ ತಾನೇ ಇನ್ಸುಲಿನ್ ಮಾಡ್ತಿದೆ ಅನ್ನೋ ಗುರುತು) ವರ್ಷಗಳಾದ್ರೂ ಉಳಿದಿದೆ, ಮೂರು ತಲೆಮಾರಲ್ಲಿ ಶುಗರ್. ದಪ್ಪ ಇರೋದಲ್ಲ, ಶುಗರ್ ಇರೋದು. ಎಚ್‌ಎನ್‌ಎಫ್1ಎ ಅನ್ನೋ ಜೀನ್‌ನಲ್ಲಿ ದೋಷ ಸಿಕ್ಕರೆ ಎಷ್ಟೋ ಸಲ ಇನ್ಸುಲಿನ್ ಬದಲು ಮಾತ್ರೆ ಸಾಕಾಗುತ್ತೆ.

ಪ್ರಶ್ನೆ ಕೇಳಿದವರು: ಹೊಕ್ಕುಳ ಬಲಕ್ಕೆ ನಿಂಬೆಹಣ್ಣಿನಷ್ಟು ಗಂಟಿದೆ. ನೋವಾಗಲ್ಲ ಅಂತ ಅಲ್ಲೇ ಚುಚ್ಚಿಸಿಕೊಳ್ತಾಳೆ.

ಉತ್ತರ 2: ಅದೇ. ಗಂಟಲ್ಲಿ ಇನ್ಸುಲಿನ್ ಒಂದು ದಿನ ಹೀರುತ್ತೆ, ಒಂದು ದಿನ ಇಲ್ಲ. ಆದ್ರೆ ನಾಳೆಯೇ 40 ಯೂನಿಟ್‌ನ ಹೊಸ ಜಾಗಕ್ಕೆ ಹಾಕಬೇಡಿ, ಪೂರ್ತಿ ಹೀರಿ ಜೋರಾಗಿ ಲೋ ಆಗುತ್ತೆ. ಡಾಕ್ಟರ್‌ಗೆ ಗಂಟು ತೋರಿಸಿ, ಎಷ್ಟು ಇಳಿಸಬೇಕು ಅಂತ ಕೇಳಿಕೊಂಡೇ ಜಾಗ ಬದಲಿಸಿ. ಆ ವಾರ ರಾತ್ರಿ 2 ಗಂಟೆಗೂ ಒಂದ್ಸಲ ಶುಗರ್ ನೋಡಿ. ತೂಕ ಇಳೀಲಿ ಅಂತ ಡೋಸ್ ತಪ್ಪಿಸೋದಂತೂ ಬೇಡವೇ ಬೇಡ, ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರೋ ಆಮ್ಲ) ಏರುತ್ತೆ.